ಮರಸೇಬಿನ ತಿರುವಿನ ಬಾವುಟ

“ಇದನ್ನ ಬರೀ ರಸ್ತೆ ಅಂದ್ಕೋಬೇಡಿ. ಈಗ ಬೀಟ್‌ಗಡ್ಡೆ ತುಂಬಿದ ಟ್ರ್ಯಾಕ್ಟರ್ ಬಿಟ್ರೆ ಇಲ್ಲಿ ಇನ್ನೇನೂ ಬರಲ್ಲ, ಒಪ್ಕೋತೀನಿ. ಬೆಳಿಗ್ಗೆ ಒಂದು ಬಸ್ಸು ಹೋಗುತ್ತೆ, ಸಾಯಂಕಾಲ ಅದೇ ಬಸ್ಸು ವಾಪಸ್ ಬರುತ್ತೆ. ಆದ್ರೆ ನಾನು ಹುಡುಗಿಯಾಗಿದ್ದಾಗ, ಆಗಸ್ಟ್ ತಿಂಗಳಲ್ಲಿ ಒಂದು ಭಾನುವಾರ, ಈ ಬೇಲಿ ಹಿಂದೆ ನಿಲ್ಲೋಕೆ ಜಾಗ ಇರ್ತಿರ್ಲಿಲ್ಲ. ನಮ್ಮ ಪ್ಲಮ್ ಮರದಲ್ಲಿ ಹಣ್ಣಿಗಿಂತ ಮನುಷ್ಯರೇ ಜಾಸ್ತಿ ನೇತಾಡ್ತಿದ್ರು. ನಮ್ಮ ತಾತ ಕೋಲು ಹಿಡ್ಕೊಂಡು ಕೆಳಗೆ ನಿಂತು, ‘ಇಳೀರೋ, ಕೊಂಬೆ ಮುರಿಯುತ್ತೆ’ ಅಂತ ಬೈತಿದ್ದ. ಮೋಟರ್‌ಸೈಕಲ್ ಸದ್ದು ಕೇಳಿದ ಕೂಡ್ಲೇ ಕೋಲು ಬಿಸಾಕಿ ತಾನೇ ಹತ್ತುತಿದ್ದ.

“ಇಟಲಿಯಿಂದ ಒಬ್ಬ ಬಂದಿದ್ದ, ನಮ್ಮ ಕೊಟ್ಟಿಗೇಲಿ ಹುಲ್ಲಿನ ಮೇಲೆ ಮಲಗಿದ್ದ. ಬೆಳಿಗ್ಗೆ ಅಮ್ಮ ಕೊಟ್ಟ ಹಾಲು ಕುಡಿದು, ಗಸಗಸೆ ತುಂಬಿದ ಕೊಲಾಚ್ ಬನ್ನು ತಿಂದು ಹೋಗಿ ಎರಡನೇ ಬಹುಮಾನ ತಗೊಂಡ. ಅಮ್ಮ ಸಾಯೋವರೆಗೂ ಹೇಳ್ತಿದ್ದಳು, ‘ಇನ್ನೊಂದು ಕೊಲಾಚ್ ತಿಂದಿದ್ರೆ ಮೊದಲನೇದೇ ಬರ್ತಿತ್ತು’ ಅಂತ.

“ರಸ್ತೆ ಯಾರದು ಅಂತೀರಿ? ಸರ್ಕಾರದ್ದಲ್ಲ. ಯಾರ ಮನೆ ಮುಂದೆ ಎಷ್ಟು ರಸ್ತೆ ಇದ್ಯೋ ಅಷ್ಟು ಆ ಮನೆ ಹೆಂಗಸಿಂದು. ಶನಿವಾರ ಮಧ್ಯಾಹ್ನ ಗುಡಿಸಲೇಬೇಕು. ಈ ಕಡೆಯೋಳು ನಡುವಿನವರೆಗೆ, ಆ ಕಡೆಯೋಳು ನಡುವಿನವರೆಗೆ. ನಡುವೆ ಗೆರೆ ಅಂತ ಏನೂ ಎಳೆದಿಲ್ಲ. ಆದ್ರೂ ನನ್ನ ಪೊರಕೆ ಆ ಕಡೆ ಒಂದು ಗೇಣು ದಾಟಿದ್ರೆ, ‘ಯಾಕೆ, ನಾನು ಸರಿಯಾಗಿ ಗುಡಿಸಿಲ್ವಾ?’ ಅಂತ ಕೇಳ್ತಾರೆ. ಬೇರೆ ಕಡೆ ಓಟದ ರಸ್ತೇನ ಎಂಜಿನಿಯರುಗಳು ನೋಡ್ಕೋತಾರಂತೆ. ನಮ್ಮೂರಿನ ಓಟದ ರಸ್ತೇನ ಪೊರಕೆ ನೋಡ್ಕೊಂಡಿದ್ದು.

“ನಾನು ಇಲ್ಲೇ, ಈ ಮರಸೇಬಿನ ಮರದ ಕೆಳಗೆ ಬಾವುಟ ಹಿಡ್ಕೊಂಡು ನಿಲ್ತಿದ್ದೆ. ಗುಡ್ಡ ಇಳ್ಕೊಂಡು ಬರೋನಿಗೆ ತಿರುವಿನ ಆಚೆ ಏನಿದೆ ಅಂತ ಕಾಣಲ್ಲ. ಅವನಿಗೆ ಕಾಣೋದು ನನ್ನ ಕೈ ಮಾತ್ರ. ಕೈ ಕೆಳಗಿದ್ರೆ ರಸ್ತೆ ಚೆನ್ನಾಗಿದೆ ಅಂತ ನಂಬ್ತಾನೆ, ಮೇಲಿದ್ರೆ ಇಲ್ಲ ಅಂತ ನಂಬ್ತಾನೆ. ಗಂಡಸು ಹೆಂಗಸಿನ ಮಾತನ್ನ ಎದುರು ಮಾತಾಡದೆ ಕೇಳೋದು ಜೀವನದಲ್ಲಿ ಅದೊಂದು ಕಡೆ ಮಾತ್ರ ಇರ್ಬೇಕು. ನಾನು ಒಂದು ಸಲವೂ ಸುಳ್ಳು ಬಾವುಟ ಎತ್ತಿದೋಳಲ್ಲ.”

ಯಾವೊರ್ಕಾದ ಕೆಳಬೀದಿಯಲ್ಲಿ ಹೆಡ್ವಿಕಾಳ ಗೇಟಿನ ಮುಂದೆ ದಾರಿ ಕೇಳಲು ಯಾರು ನಿಂತರೂ ಅವಳು ಇಷ್ಟನ್ನು ಹೇಳಿಯೇ ಕಳಿಸುವಳು. ಬೇಸಿಗೆಯಲ್ಲಿ ಸೈಕಲ್ ಮೇಲೆ ಬರುವ ಪಟ್ಟಣದವರು ನೀರು ಕೇಳಲು ನಿಲ್ಲುತ್ತಾರೆ. ನೀರಿನ ಜೊತೆ ಓಟದ ಕಥೆಯೂ ಸಿಗುತ್ತದೆ. ಕೊನೆಯ ಮಾತನ್ನು ಹೇಳುವಾಗ ಮಾತ್ರ ಅವಳು ಬಂದವರ ಮುಖ ನೋಡುವುದಿಲ್ಲ. ಎದುರು ಮನೆಯ ಗೋಡೆಯನ್ನು ನೋಡುತ್ತಾಳೆ.

ಮೋಟರ್‌ಸೈಕಲ್ ಓಟದ ಸುತ್ತು ಚರ್ಚಿನ ಮುಂದಿನ ಚೌಕದಲ್ಲಿ ಶುರುವಾಗಿ, ಲಿಂಡನ್ ಮರಗಳ ಸಾಲಿನಲ್ಲಿ ಗುಡ್ಡ ಹತ್ತಿ, ಬೀಟ್ ಹೊಲಗಳ ನಡುವೆ ಹಾದು, ಕೆಳಬೀದಿಗೆ ಇಳಿದು, ಮರಸೇಬಿನ ತಿರುವಿನಲ್ಲಿ ಎಡಕ್ಕೆ ಹೊರಳಿ, ಹಿಟ್ಟಿನ ಗಿರಣಿಯ ಪಕ್ಕದಿಂದ ಮತ್ತೆ ಚೌಕ ಸೇರುತ್ತಿತ್ತು. ಸಕ್ಕರೆ ಕಾರ್ಖಾನೆಯ ಮೆಕ್ಯಾನಿಕ್ಕುಗಳೂ ಬೆಂಕಿ ಆರಿಸುವ ದಳದವರೂ ಸೇರಿ, ದೊಡ್ಡ ಯುದ್ಧಕ್ಕೆ ಮುಂಚೆಯೇ ಇದನ್ನು ಆರಂಭಿಸಿದ್ದರು. ಯುದ್ಧದಲ್ಲಿ ನಿಂತಿತು. ಯುದ್ಧ ಮುಗಿದ ಮೇಲೆ ಗುಂಡಿ ಮುಚ್ಚಿ ಮತ್ತೆ ನಡೆಸಿದರು. ಓಟದ ದಿನ ಊರಿನ ಬಾತುಕೋಳಿಗಳನ್ನೆಲ್ಲ ಕೂಡಿಹಾಕಿ, ನಾಯಿಗಳನ್ನು ಕಟ್ಟಿಹಾಕಿ, ರಸ್ತೆಬದಿಯ ಮರಗಳಿಗೆ ಹುಲ್ಲಿನ ಕಂತೆ ಬಿಗಿಯುತ್ತಿದ್ದರು. ಆ ಮರಗಳೇ ಕೊನೆಗೆ ಓಟವನ್ನು ನಿಲ್ಲಿಸಿದವು. ಗಾಡಿಗಳ ವೇಗ ವರ್ಷವರ್ಷಕ್ಕೂ ಹೆಚ್ಚಿತು, ಮರಗಳು ಮಾತ್ರ ಇದ್ದಲ್ಲೇ ಇದ್ದವು. ರಾಜಧಾನಿಯಿಂದ ಬಂದವರು ಅಳೆದು ನೋಡಿ, ಲಿಂಡನ್ ಸಾಲನ್ನು ಕಡಿದರೆ ಮಾತ್ರ ಪರವಾನಗಿ ಎಂದರು. ಊರವರು ಚೌಕದಲ್ಲಿ ಸೇರಿ ಮಾತಾಡಿಕೊಂಡು, ತಾತಂದಿರು ನೆಟ್ಟ ಮರ ಕಡಿಯುವುದಿಲ್ಲ, ಓಟ ಬೇಕಾದರೆ ಹೋಗಲಿ ಎಂದರು. ಹೋಯಿತು. ಆ ಮಾತನ್ನು ಹೇಳುವಾಗ ಯಾವೊರ್ಕಾದವರು ಇವತ್ತಿಗೂ ಎದೆ ಸೆಟೆಸಿಕೊಂಡೇ ಹೇಳುತ್ತಾರೆ.

ಈಗ ಓಟದ ಸಮಯ ಅಳೆಯುತ್ತಿದ್ದ ಕಟ್ಟೆ ಬಸ್ಸಿನ ತಂಗುದಾಣವಾಗಿದೆ. ಓಟದ ವರದಿ ಕೂಗುತ್ತಿದ್ದ ಗೋಪುರದಲ್ಲಿ ಬೆಂಕಿ ದಳದವರು ನೀರಿನ ಪೈಪು ಒಣಗಿಸುತ್ತಾರೆ. ಊರಿಗೆಲ್ಲ ಡಾಂಬರು ಬಂದಾಗ ಮರಸೇಬಿನ ತಿರುವಿನ ಹತ್ತಿರ ಡಾಂಬರು ಮುಗಿದುಹೋಗಿ, ಅಲ್ಲಿ ಮಾತ್ರ ಹಳೆಯ ಕಲ್ಲುಹಾಸು ಹಾಗೇ ಉಳಿಯಿತು. ಆ ತಿರುವಿನ ಒಂದು ಕಡೆ ಹೆಡ್ವಿಕಾಳ ಮನೆ. ಎದುರಿಗೆ, ತಿರುವಿನ ಒಳಮಗ್ಗುಲಲ್ಲಿ, ವೊಯ್ತಾನ ಮನೆ.

ಹೆಡ್ವಿಕಾ ಬಾವುಟ ಹಿಡಿದದ್ದು ಆಕಸ್ಮಿಕ. ಆ ಜಾಗ ಅವಳ ಅಪ್ಪನದು. ಒಂದು ಬೇಸಿಗೆ ಅವನು ಚೆರಿ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಓಟಕ್ಕೆ ಮುಖ್ಯಸ್ಥನಾಗಿದ್ದ ಹವ್ರಾನೆಕ್ ಬೇರೆ ಗಂಡಸು ಸಿಗದೆ ತಲೆ ಕೆರೆದುಕೊಳ್ಳುತ್ತಿರುವಾಗ, ಹತ್ತೊಂಬತ್ತರ ಹುಡುಗಿ ಅಪ್ಪನ ಟೋಪಿ ಹಾಕಿಕೊಂಡು ಬಂದು ನಿಂತಳು.

“ನಿನಗೆ ಬಾವುಟದ ಬಣ್ಣ ಗೊತ್ತೇನೇ?” ಎಂದ ಹವ್ರಾನೆಕ್.

“ಅಪ್ಪ ಊಟಕ್ಕೆ ಕೂತಾಗೆಲ್ಲ ಅದನ್ನೇ ಹೇಳ್ತಾನೆ. ಹಳದಿ ಅಪಾಯ. ಹಳದಿ ಮೇಲೆ ಕೆಂಪು ಪಟ್ಟೆ, ರಸ್ತೆ ಜಾರುತ್ತೆ. ನೀಲಿ, ಹಿಂದೆ ಒಬ್ಬ ಬರ್ತಿದಾನೆ, ದಾರಿ ಬಿಡು.”

“ಹುಡುಗರನ್ನ ನೋಡ್ತಾ ನಿಂತ್ಬಿಟ್ರೆ?”

“ಹುಡುಗರನ್ನ ನೋಡೋಕೆ ಇಲ್ಲಿಗೆ ಯಾಕೆ ಬರ್ಲಿ? ಅಷ್ಟು ಜೋರಾಗಿ ಹೋಗೋರ ಮುಖ ಕಾಣುತ್ತಾ?”

ಹವ್ರಾನೆಕ್ ನಕ್ಕು ಬಾವುಟ ಕೊಟ್ಟ. ಮೊದಲು ಅವಳ ಜೊತೆ ಒಬ್ಬ ಮುದುಕನನ್ನು ನಿಲ್ಲಿಸಿದ್ದರು. ಬರಬರುತ್ತಾ ಅವನ ಅಗತ್ಯ ಬೀಳಲಿಲ್ಲ. ಒಂದು ವರ್ಷ ತಿರುವಿನಲ್ಲಿ ಎಣ್ಣೆ ಚೆಲ್ಲಿದ್ದನ್ನು ಅವಳು ಮೊದಲು ಕಂಡು ಬಾವುಟ ಎತ್ತಿದ್ದರಿಂದ ಮೂವರು ಬೀಳದೆ ಉಳಿದರು. ಆಮೇಲೆ ಸವಾರರೇ, “ತಿರುವಿನಲ್ಲಿ ಟೋಪಿ ಹುಡುಗಿ ಇದ್ದಾಳೆ ತಾನೆ?” ಎಂದು ವಿಚಾರಿಸಿಕೊಂಡು ಓಟಕ್ಕೆ ಇಳಿಯುತ್ತಿದ್ದರು. ವಾರವಿಡೀ ಸಹಕಾರಿ ಸಂಘದ ಕೊಟ್ಟಿಗೆಯಲ್ಲಿ ಸಗಣಿ ಬಾಚುವವಳಿಗೆ ಆ ಒಂದು ಭಾನುವಾರದ ಟೋಪಿ ಎಷ್ಟು ದೊಡ್ಡದು ಎಂಬುದು ಕೊಟ್ಟಿಗೆಯಲ್ಲಿ ದುಡಿದವರಿಗೆ ಗೊತ್ತು.

ಅರವತ್ತಾರನೇ ಇಸವಿಯ ಓಟ ಬಂತು. ಎದುರು ಮನೆಯ ವೊಯ್ತಾ ಆ ವರ್ಷ ಕೆಂಪು ಜಾವಾ ಮೇಲೆ ಊರೂರು ಸುತ್ತಿ ಗೆದ್ದು ಬಂದಿದ್ದ. ಯಾವೊರ್ಕಾದ ಓಟವನ್ನು ಯಾವೊರ್ಕಾದವನು ಅಲ್ಲಿಯವರೆಗೆ ಗೆದ್ದಿರಲಿಲ್ಲ. ಅವನ ತಾಯಿ ಫಿಲೊಮೆನಾ ಮೂರು ಊರಿಗೆ ಹೆಸರಾದ ಅಚ್ಚುಕಟ್ಟಿನ ಹೆಂಗಸು. ಅವಳ ಮನೆಯ ಹೊಸ್ತಿಲ ಮೇಲೆ ಹಿಟ್ಟು ನಾದಬಹುದು ಎನ್ನುತ್ತಿದ್ದರು. ಎಲ್ಲರಂತೆ ಅವಳೂ ಶನಿವಾರ ತನ್ನ ಪಾಲಿನ ರಸ್ತೆ ಗುಡಿಸಿದಳು. ಆದರೆ ಅವಳಿಗೆ ಅಷ್ಟು ಸಾಲಲಿಲ್ಲ. ಮಗ ಗೆದ್ದು ಬರುವ ರಸ್ತೆ ಬರೀ ಗುಡಿಸಿದ ರಸ್ತೆಯಾಗಿರಬಾರದು.

ಭಾನುವಾರ ನಸುಕಿನಲ್ಲಿ ಹೆಡ್ವಿಕಾ ಬಾತುಗಳನ್ನು ಕೂಡಿಹಾಕಲು ಹೊರಗೆ ಬಂದಾಗ, ಫಿಲೊಮೆನಾ ರಸ್ತೆಯ ಮೇಲೆ ಮಂಡಿಯೂರಿ ಕೂತಿದ್ದಳು. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ಬಿರುಸು ಬ್ರಷ್ಷು. ಹಂದಿಯ ಕೊಬ್ಬಿನಿಂದ ಮನೆಯಲ್ಲೇ ಕಾಯಿಸಿದ ಸೋಪನ್ನು ಕಲ್ಲುಗಳಿಗೆ ಹಚ್ಚಿ, ಅಡುಗೆಮನೆಯ ನೆಲ ತಿಕ್ಕುವ ಹಾಗೆ ರಸ್ತೆ ತಿಕ್ಕುತ್ತಿದ್ದಳು. ತನ್ನ ಪಾಲಿನ ನಡುವಿನವರೆಗೆ ಮಾತ್ರ, ಅದರಿಂದಾಚೆ ಒಂದು ಗೇಣೂ ಇಲ್ಲ.

“ಇದೇನು ಫಿಲೊಮೆನಾ ಅತ್ತೆ, ರಸ್ತೆಗೆ ಸೋಪಾ?”

“ಸುಮ್ನಿರೇ. ಯಾರಿಗೂ ಹೇಳ್ಬೇಡ. ಮಗ ಗೆಲ್ಲೋಕೆ ಮುಂಚೆನೇ ಮೆರೀತಿದಾಳೆ ಅಂತಾರೆ.”

“ಹೇಳಲ್ಲ.”

ನೀರು ಹೊಯ್ದು ತೊಳೆದು, ಸೊಂಟ ಹಿಡಿದುಕೊಂಡು ಅವಳು ಒಳಗೆ ಹೋದಳು. ಬಿಸಿಲು ಬಂದು ಕಲ್ಲು ಒಣಗಿ ಹೊಳೆಯಿತು. ಹೆಡ್ವಿಕಾಳಿಗೂ ಅದರಲ್ಲಿ ಕೆಟ್ಟದ್ದೇನೂ ತೋರಲಿಲ್ಲ.

ಓಟದ ತುಂಬ ವೊಯ್ತಾನೇ ಮುಂದಿದ್ದ. ಬೇರೆಯವರೆಲ್ಲ ಫಿಲೊಮೆನಾಳ ಮನೆಯ ಗೋಡೆಗೆ ಹೆದರಿ ತಿರುವಿನ ಹೊರಮಗ್ಗುಲಿನಲ್ಲೇ ಹೋಗುತ್ತಿದ್ದರು. ವೊಯ್ತಾ ಹುಟ್ಟಿದಾಗಿನಿಂದ ಆ ಗೋಡೆಯನ್ನು ಬಲ್ಲವನು. ತನ್ನ ಮೊಣಕೈ ಗೋಡೆಯ ಸುಣ್ಣಕ್ಕೆ ಸವರಿಕೊಳ್ಳುವಷ್ಟು ಒಳಗಿನಿಂದ ತಿರುಗಿಸಿ, ಸುತ್ತುಸುತ್ತಿಗೂ ಅಲ್ಲೇ ದೂರ ಗಳಿಸುತ್ತಿದ್ದ. ಅವನ ಹಿಂದೆ ಒಬ್ಬ ಹಂಗೇರಿಯವನು ಬಿಡದೆ ಬರುತ್ತಿದ್ದ.

ಕೊನೆಯ ಸುತ್ತಿನಲ್ಲಿ ಅವರು ಗುಡ್ಡದ ಆಚೆ ಇರುವಾಗ ತುಂತುರು ಹನಿಯಿತು. ಹೆಡ್ವಿಕಾ ರಸ್ತೆ ನೋಡಿದಳು. ತನ್ನ ಕಡೆಯ ಕಲ್ಲು ಕಪ್ಪಾಗಿ ಒದ್ದೆಯಾಗಿತ್ತು, ಅಷ್ಟೆ. ಎದುರಿನ ಪಾಲಿನಲ್ಲಿ, ಕಲ್ಲಿನ ಸಂದುಗಳಿಂದ, ಹಾಲು ಉಕ್ಕುವ ಹಾಗೆ ಬೆಳ್ಳಗೆ ನೊರೆ ಏಳುತ್ತಿತ್ತು.

ಮೇಲಿನಿಂದ ಜಾವಾದ ಸದ್ದು ಕೇಳಿತು. ಊರಿಗೆ ಊರೇ ಬೇಲಿಯ ಮೇಲೆ ಬಾಗಿ ನಿಂತಿತ್ತು. ತಾನು ಕೈ ಎತ್ತಿದರೆ ಏನು ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎತ್ತದಿದ್ದರೆ ಏನು ಹೋಗುತ್ತದೆ ಎಂಬುದೂ ಗೊತ್ತಿತ್ತು. ಹಳದಿ ಮೇಲೆ ಕೆಂಪು ಪಟ್ಟೆಯ ಬಾವುಟವನ್ನು ತಲೆಯ ಮೇಲಕ್ಕೆ ಎತ್ತಿದಳು.

ವೊಯ್ತಾ ಅದನ್ನು ಕಂಡ, ನಂಬಿದ. ರೇಸ್ ಇಳಿಸಿ, ಗಾಡಿ ನೆಟ್ಟಗೆ ಮಾಡಿ, ನಡೆಸಿಕೊಂಡು ಹೋದ ಹಾಗೆ ತಿರುವು ದಾಟಿದ. ಹಂಗೇರಿಯವನು ಯಾವತ್ತಿನಂತೆ ಹೊರಮಗ್ಗುಲಿನಿಂದ ಬಂದ. ಅಲ್ಲಿ ಸೋಪಿರಲಿಲ್ಲ. ಹಾಗೇ ಪಕ್ಕದಿಂದ ನುಗ್ಗಿ ಮುಂದೆ ಹೋದ, ಗೆದ್ದ.

ಜನ ಬೇಲಿ ಹಾರಿ ರಸ್ತೆಗೆ ಬರುವಷ್ಟರಲ್ಲಿ ಮಳೆ ಜೋರಾಗಿ, ನೊರೆಯನ್ನೆಲ್ಲ ಚರಂಡಿಗೆ ತೊಳೆದುಬಿಟ್ಟಿತ್ತು.

“ಎಲ್ಲಿ ಜಾರುತ್ತೆ, ತೋರ್ಸು,” ಎಂದ ಹವ್ರಾನೆಕ್. “ಆ ಹಂಗೇರಿಯೋನು ಅದೇ ತಿರುವಲ್ಲಿ ಹೋದ್ನಲ್ಲ, ಅವನಿಗೆ ಜಾರ್ಲಿಲ್ವಾ?”

“ನೊರೆ ಇತ್ತು.”

“ಯಾವ ನೊರೆ?”

ಫಿಲೊಮೆನಾ ಗೇಟಿನಲ್ಲಿ ನಿಂತಿದ್ದಳು. ಗೆದ್ದ ಮಗನಿಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಅವಳ ತೋಳಿನ ಮೇಲಿತ್ತು. ತಾನು ಮಾಡಿದ್ದಕ್ಕೂ ಆದದ್ದಕ್ಕೂ ಸಂಬಂಧ ಇದೆಯೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹೇಳಿದರೆ ಆ ಹೆಂಗಸು ಮತ್ತೆ ಚರ್ಚಿಗೆ ಹೋಗುವ ಹಾಗಿರಲಿಲ್ಲ. ಸೋಪಿನ ಫಿಲೊಮೆನಾ ಎಂದು ಕರೆದೇ ಅವಳನ್ನು ಕೊಲ್ಲುತ್ತಿದ್ದರು.

“ನೊರೆ ಅಂದ್ರೆ ನೊರೆ,” ಎಂದಳು ಹೆಡ್ವಿಕಾ. “ನಾನು ಕಂಡೆ, ಎತ್ತಿದೆ.”

“ಬಿಯರಿನ ನೊರೆ ಇರ್ಬೇಕು,” ಎಂದು ಯಾರೋ ಹಿಂದಿನಿಂದ ಅಂದರು. ಆ ಮಾತು ಅಂಟಿಕೊಂಡಿತು. ಹೋಟೆಲಿನಲ್ಲಿ ಲೋಟ ತುಂಬುವಾಗ, “ನೊರೆ ಕಮ್ಮಿ ಹಾಕಪ್ಪಾ, ಹೆಡ್ವಿಕಾ ಬಾವುಟ ಎತ್ತಿಬಿಡ್ತಾಳೆ,” ಎನ್ನುವುದು ಯಾವೊರ್ಕಾದ ಗಂಡಸರಿಗೆ ಅಭ್ಯಾಸವೇ ಆಯಿತು. ಮುಂದಿನ ವರ್ಷ ಹವ್ರಾನೆಕ್ ಅವಳ ಮನೆಗೆ ಬಂದು, ಕಣ್ಣು ಬೇರೆಲ್ಲೋ ಇಟ್ಟುಕೊಂಡು, ಬಾವುಟವನ್ನೂ ಟೋಪಿಯನ್ನೂ ತೆಗೆದುಕೊಂಡು ಹೋದ. ಟೋಪಿ ಅಪ್ಪನದು ಎಂದು ಅವಳು ಹೇಳಲಿಲ್ಲ. ಕೆಲವು ವರ್ಷಗಳ ಮೇಲೆ ಓಟವೇ ನಿಂತುಹೋಯಿತು.

ಅದಾದ ಮೇಲೂ ಅವಳು ಆ ತಿರುವಿನಲ್ಲೇ ಬದುಕಿದಳು. ಮದುವೆಯಾದಳು, ಸಕ್ಕರೆ ಕಾರ್ಖಾನೆಯ ಬಾಯ್ಲರ್ ಕೋಣೆಯಲ್ಲಿ ದುಡಿಯುತ್ತಿದ್ದ ಗಂಡನನ್ನು ಕಳೆದುಕೊಂಡಳು, ಸಾವಿರಾರು ಲೀಟರು ಹಾಲು ಕರೆದಳು. ಫಿಲೊಮೆನಾ ಮುದಿತನದಲ್ಲಿ ಮಲಗಿದಾಗ ಅವಳ ಪಾಲಿನ ರಸ್ತೆಯನ್ನೂ ತಾನೇ ಗುಡಿಸಿದಳು. ನಡುವಿನಾಚೆ ಪೊರಕೆ ದಾಟಿಸಲು ಫಿಲೊಮೆನಾ ಅಪ್ಪಣೆ ಕೊಟ್ಟ ಒಬ್ಬಳೇ ಹೆಂಗಸು ಅವಳು. ವೊಯ್ತಾ ಟ್ರ್ಯಾಕ್ಟರ್ ಮೆಕ್ಯಾನಿಕ್ ಆದ. ಅವನು ಯಾವತ್ತೂ ಅವಳನ್ನು ಹಂಗಿಸಲಿಲ್ಲ, ಆ ಓಟದ ಮಾತನ್ನೂ ಎತ್ತಲಿಲ್ಲ. ಹಂಗಿಸಿದ್ದರೆ ಜಗಳವಾಡಬಹುದಿತ್ತು. ಆ ಮೌನವೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಹೀಗಿರುವಾಗ ಊರಿನ ಅಧ್ಯಕ್ಷೆಯಾಗಿ ರಾದ್ಕಾ ಎಂಬ ಯುವತಿ ಆರಿಸಿ ಬಂದಳು. ಹಳೆಯ ಸುತ್ತಿನಲ್ಲಿ ಹಳೆಯ ಗಾಡಿಗಳನ್ನು ಮತ್ತೆ ಒಂದು ದಿನ ಓಡಿಸಬೇಕೆಂದು ಅವಳೇ ಓಡಾಡಿ ಅನುಮತಿ ತಂದಳು. ಪಂದ್ಯವಲ್ಲ, ಮೆರವಣಿಗೆ. ಆದರೂ ತಿರುವುಗಳಲ್ಲಿ ಬಾವುಟದವರು ಇರಲೇಬೇಕು. ವೊಯ್ತಾ ಕೊಟ್ಟಿಗೆಯ ಮೂಲೆಯಿಂದ ಕೆಂಪು ಜಾವಾ ಎಳೆದು, ಬಿಚ್ಚಿ, ತೊಳೆದು, ಜೋಡಿಸಿದ.

ಹೆಡ್ವಿಕಾ ಒಳ್ಳೆಯ ಕೋಟು ಹಾಕಿಕೊಂಡು ಪಂಚಾಯಿತಿ ಕಚೇರಿಗೆ ಹೋದಳು.

“ಮರಸೇಬಿನ ತಿರುವಿಗೆ ನಾನು ನಿಲ್ತೀನಮ್ಮ.”

ರಾದ್ಕಾ ಪೆನ್ನು ಕೆಳಗಿಟ್ಟಳು. “ಅತ್ತೆ, ಅಲ್ಲಿಗೆ ಪಕ್ಕದೂರಿನ ಬೆಂಕಿ ದಳದವರಿಗೆ ಹೇಳ್ಬಿಟ್ಟಿದೀವಿ. ನೀವು ಚೌಕದಲ್ಲಿ ಗೌರವದ ಕುರ್ಚೀಲಿ ಕೂತ್ಕೊಳ್ಳಿ. ಬಿಸಿಲಿರುತ್ತೆ.”

“ಕುರ್ಚಿ ನಮ್ಮನೇಲೂ ಇದೆ.”

“ಸಮಿತಿಯಲ್ಲಿ ಕೆಲವರು…” ಎಂದು ರಾದ್ಕಾ ನಿಲ್ಲಿಸಿದಳು.

“ನೊರೆ ಅಂದ್ರು ಅಲ್ವಾ?”

ರಾದ್ಕಾಳ ಮುಖ ಕೆಂಪಾಯಿತು. ಹೆಡ್ವಿಕಾ ಕೋಟಿನ ಗುಂಡಿ ಹಾಕಿಕೊಂಡು ಎದ್ದಳು. ಫಿಲೊಮೆನಾ ಮಣ್ಣಾಗಿ ಎಷ್ಟೋ ವರ್ಷವಾಗಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಆ ಬಾವುಟ ಅವಳ ಕೈಗೆ ವಾಪಸ್ ಬರುತ್ತಿತ್ತು. ಮನೆಯವರೆಗೂ ಆ ಮಾತನ್ನು ಬಾಯಲ್ಲಿಟ್ಟುಕೊಂಡು ನಡೆದಳು. ಗೇಟಿನ ಹತ್ತಿರ ನುಂಗಿದಳು. ಹೇಳಲ್ಲ ಅಂದ ಮೇಲೆ ಹೇಳಲ್ಲ.

ಓಟದ ಹಿಂದಿನ ಶನಿವಾರ ಊರೆಲ್ಲ ಪೊರಕೆಯ ಸದ್ದು. ಹೆಡ್ವಿಕಾ ತನ್ನ ಪಾಲು ಮುಗಿಸಿ, ಬರ್ಚ್ ಕಡ್ಡಿಯ ಪೊರಕೆಯನ್ನು ಬೇಲಿಗೆ ಒರಗಿಸುತ್ತಿದ್ದಳು. ಎದುರಿನ ಗೇಟು ತೆರೆಯಿತು. ವೊಯ್ತಾನ ಹೆಂಡತಿ ಯಾರ್ಮಿಲಾ ಬಕೆಟ್ಟು ಹಿಡಿದು ಬಂದಳು. ದಪ್ಪ ಹೆಂಗಸು, ನಗುಮುಖ. ಬಕೆಟ್ಟಿನ ಮೇಲೆ ನೊರೆ ತುಳುಕುತ್ತಿತ್ತು. ಕಂಕುಳಲ್ಲಿ ಬ್ರಷ್ಷು. ಹೆಡ್ವಿಕಾ ಬಾಯಿ ತೆರೆಯುವಷ್ಟರಲ್ಲಿ ಅರ್ಧ ಬಕೆಟ್ಟು ಕಲ್ಲಿನ ಮೇಲೆ ಹರಿದಿತ್ತು.

ಸುಮ್ಮನೆ ನಿಂತಿದ್ದರೆ ಸಾಕಿತ್ತು. ನಾಳೆ ಒಂದು ಹನಿ ಬಿದ್ದರೂ ಆ ನೊರೆ ಇಡೀ ಊರಿನ ಕಣ್ಣಿಗೆ ತಾನಾಗಿಯೇ ಬೀಳುತ್ತಿತ್ತು. ಆದರೆ ನಾಳೆ ಆ ಕಲ್ಲಿನ ಮೇಲೆ ಬರುವವನು ಎಪ್ಪತ್ತು ದಾಟಿದ ವೊಯ್ತಾ.

“ಯಾರ್ಮಿಲಾ, ನಿಲ್ಲು. ಸೋಪು ಬೇಡ.”

“ಯಾಕೆ ಹೆಡ್ವಿಕಾ, ನಿನ್ನ ಪಾಲಿಗೆ ಬರಲ್ಲ ಬಿಡು, ನಡುವಿನವರೆಗೇ ತಿಕ್ತೀನಿ.”

“ಪಾಲಿನ ಮಾತಲ್ಲ. ಕಲ್ಲು ಜಾರುತ್ತೆ.”

“ಅಯ್ಯೋ, ಜಾರೋದೇನು. ನಮ್ಮತ್ತೆ ಹೇಳಿದ್ದಿದು. ‘ನಾನು ರಸ್ತೆಗೆ ಸೋಪು ಹಾಕಿ ತಿಕ್ಕಿದ್ದು ಒಂದೇ ವರ್ಷ, ಆ ವರ್ಷನೇ ನಮ್ಮ ವೊಯ್ತಾ ಕೊನೇ ಸುತ್ತಿನವರೆಗೂ ಮುಂದಿದ್ದ’ ಅಂತ. ಮುದುಕ ಮತ್ತೆ ಗಾಡಿ ಹತ್ತುತಾನಲ್ಲ, ಅವರಮ್ಮ ಮಾಡಿದ್ದನ್ನ ನಾನೂ ಮಾಡ್ಬಿಡೋಣ ಅಂತ.”

ಗೇಟಿನೊಳಗೆ, ಜಾವಾದ ಪಕ್ಕದಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದ ವೊಯ್ತಾ ತಲೆ ಎತ್ತಿದ.

“ಏನಂದೆ?”

“ನಿಮ್ಮಮ್ಮ ರಸ್ತೆ ತೊಳೆದಿದ್ದು ಹೇಳ್ತಿದ್ದೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ನೆಲ ತೊಳೆಯೋ ವಿಷ್ಯ ನೀನು ಯಾವತ್ತು ಕೇಳಿದೀಯ?”

ವೊಯ್ತಾ ಎದ್ದು ಬಂದ. ರಸ್ತೆಯ ಅಂಚಿನಲ್ಲಿ ನಿಂತು ನೊರೆಯನ್ನು ನೋಡಿದ. ಒಂದು ಬೂಟುಗಾಲನ್ನು ಅದರ ಮೇಲಿಟ್ಟು ಭಾರ ಬಿಟ್ಟ. ಕಾಲು ಸರಕ್ಕನೆ ಹೋಯಿತು. ಯಾರ್ಮಿಲಾ ತೋಳು ಹಿಡಿಯದಿದ್ದರೆ ಸೊಂಟ ಮುರಿಯುತ್ತಿತ್ತು. ಅವನು ಹೆಂಡತಿಯ ತೋಳು ಬಿಡದೆಯೇ ಗೋಡೆಯ ಕಡೆ ನೋಡಿದ, ಆಮೇಲೆ ಗುಡ್ಡದ ಕಡೆ, ಆಮೇಲೆ ಹೆಡ್ವಿಕಾಳ ಕಡೆ.

“ಈ ಗೋಡೆಗೆ,” ಎಂದ. “ಆ ವೇಗದಲ್ಲಿ.”

ಹೆಡ್ವಿಕಾ ಬೇಲಿಗೆ ಒರಗಿಸಿದ್ದ ಪೊರಕೆಯನ್ನು ಮತ್ತೆ ಕೈಗೆ ತೆಗೆದುಕೊಂಡಳು.

“ನಿನಗೆ ಗೊತ್ತಿತ್ತು.”

“ಬೆಳಿಗ್ಗೆ ಬಾತು ಕೂಡಿಹಾಕೋಕೆ ಬಂದಿದ್ದೆ.”

“ಇಷ್ಟು ವರ್ಷ ಊರೆಲ್ಲ ನೊರೆ ನೊರೆ ಅಂತು. ನಾನೂ ಮನಸ್ಸಲ್ಲಿ ಅಂದ್ಕೊಂಡೆ ಹೆಡ್ವಿಕಾ, ಬಾಯಲ್ಲಿ ಅನ್ಲಿಲ್ಲ ಅಷ್ಟೆ. ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಲ್ಲ ಅಂದಿದ್ದೆ ನಿಮ್ಮಮ್ಮನಿಗೆ. ಆ ಬಿಳೀ ಅಂಗಿ ತೋಳ ಮೇಲೆ ಹಾಕ್ಕೊಂಡು ನಿಂತಿದ್ಳಲ್ಲ, ನೀನು ನೋಡ್ಲಿಲ್ಲ. ನಾನು ನೋಡ್ದೆ.”

ಯಾರ್ಮಿಲಾಳ ಕೈಯಲ್ಲಿ ಬಕೆಟ್ಟು ಹಾಗೇ ಇತ್ತು. “ಅಂದ್ರೆ ನಮ್ಮತ್ತೆನೇ…” ಎಂದಳು. ನಗು ಬಂತು, ಬಾಯಿ ಮುಚ್ಚಿಕೊಂಡಳು, ಆಮೇಲೆ ಕಣ್ಣಲ್ಲಿ ನೀರು ಬಂತು.

“ಅವಳನ್ನ ಏನೂ ಅನ್ಬೇಡಿ,” ಎಂದಳು ಹೆಡ್ವಿಕಾ. “ಅಷ್ಟು ಕ್ಲೀನಾದ ರಸ್ತೆ ಮೇಲೆ ಯಾವ ದೇಶದಲ್ಲೂ ಓಟ ನಡೆದಿಲ್ಲ.”

ಮೂವರೂ ಸೇರಿ ಬಾವಿಯಿಂದ ನೀರು ಸೇದಿ ಸೇದಿ ಹೊಯ್ದು, ಸೋಪು ಪೂರ್ತಿ ಹೋಗುವವರೆಗೆ ತಿಕ್ಕಿದರು. ನಡುವಿನ ಗೆರೆಯನ್ನು ಯಾರೂ ಲೆಕ್ಕಿಸಲಿಲ್ಲ.

ಆ ಸಂಜೆ ವೊಯ್ತಾ ಹೋಟೆಲಿಗೆ ಹೋಗಿ, ಸಮಿತಿಯವರೆಲ್ಲ ಕೂತಿದ್ದ ಮೇಜಿನ ಮುಂದೆ ನಿಂತುಕೊಂಡೇ ಎಲ್ಲವನ್ನೂ ಹೇಳಿದನಂತೆ. ಮೊದಲು ದೊಡ್ಡ ನಗು ಎದ್ದಿತಂತೆ. ಫಿಲೊಮೆನಾ ರಸ್ತೆಗೆ ಸೋಪು ಹಾಕಿದಳು ಎಂದರೆ ನಗದಿರುವುದು ಹೇಗೆ, ಅವಳನ್ನು ಬಲ್ಲವರು. “ನಗ್ರಪ್ಪ,” ಎಂದನಂತೆ ವೊಯ್ತಾ, “ನಗಿ. ನಾನು ಇಲ್ಲಿ ನಿಂತು ನಿಮ್ಮ ಜೊತೆ ನಗ್ತಿರೋದು ಅವಳು ಕೈ ಎತ್ತಿದ್ದಕ್ಕೆ.” ಆಮೇಲೆ ಯಾರೂ ನಗಲಿಲ್ಲವಂತೆ.

ಭಾನುವಾರ ಬೆಳಿಗ್ಗೆ ಹೆಡ್ವಿಕಾ ಬಾತುಗಳಿಗೆ ಹಾಕಲು ನೆಟಲ್ ಎಂಬ ತುರಿಕೆ ಸೊಪ್ಪು ಕೊಚ್ಚುತ್ತಿದ್ದಳು. ರಾದ್ಕಾ ಗೇಟು ತೆಗೆದು ಬಂದಳು. ಹಿಂದೆ ವೊಯ್ತಾ, ತಾಯಿ ಇಸ್ತ್ರಿ ಮಾಡಿಟ್ಟಿದ್ದಂಥದೇ ಬಿಳಿ ಅಂಗಿಯಲ್ಲಿ. ರಾದ್ಕಾಳ ಕೈಯಲ್ಲಿ ಕೋಲಿಗೆ ಸುತ್ತಿದ ಬಾವುಟ. ಅದರ ಮೇಲೆ ಬೆಂಕಿ ದಳದ ಉಗ್ರಾಣದಲ್ಲಿ ಇಷ್ಟು ವರ್ಷ ಧೂಳು ತಿಂದ ಟೋಪಿ.

“ಅತ್ತೆ, ತಪ್ಪಾಯ್ತು ಅಂತ ಸಮಿತಿಯವರು…”

“ಅದೆಲ್ಲ ಬೇಡಮ್ಮ. ಟೋಪಿ ಕೊಡಿಲ್ಲಿ. ಇದು ನಮ್ಮಪ್ಪಂದು.” ಮಂಡಿಗೆ ಬಡಿದು ಧೂಳು ಕೊಡವಿದಳು. ಹಾಕಿಕೊಂಡಳು. ಸ್ವಲ್ಪ ದೊಡ್ಡದಾಗಿತ್ತು. ಮೊದಲೂ ದೊಡ್ಡದೇ ಇತ್ತು.

“ಪಕ್ಕದೂರಿನೋನು ಬರ್ತಾನೆ, ನಿಮ್ಮ ಜೊತೆ ನಿಲ್ಲಿಸ್ಲಾ?” ಎಂದಳು ರಾದ್ಕಾ.

“ಬೇಲಿ ಹಿಂದೆ ನಿಲ್ಲು ಅನ್ನು. ಪ್ಲಮ್ ಮರ ಹತ್ಬೇಡ ಅನ್ನು, ಕೊಂಬೆ ಹಳೇದು.”

ವೊಯ್ತಾ ಹೋಗುವಾಗ ತಿರುಗಿ, “ನಾನು ಒಳಗಿಂದಲೇ ಬರ್ತೀನಿ,” ಎಂದ.

“ನಿನ್ನ ಗೋಡೆ, ನಿನ್ನಿಷ್ಟ. ನನ್ನ ಕೈ ನೋಡ್ಕೊಂಡು ಬಾ.”

ಮಧ್ಯಾಹ್ನ ಬೇಲಿಯ ಹಿಂದೆ ಜನ ಸೇರಿದರು. ಹಿಂದಿನಷ್ಟಿಲ್ಲ, ಆದರೂ ನಿಲ್ಲಲು ಜಾಗ ಹುಡುಕಬೇಕಾಯಿತು. ಹೆಡ್ವಿಕಾ ರಸ್ತೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ನಡೆದು, ಬಗ್ಗಿ, ಕಲ್ಲಿನ ಸಂದುಗಳಿಗೆ ಬೆರಳಿಟ್ಟು ನೋಡಿದಳು. ಬೆರಳನ್ನು ಮೂಸಿದಳು. ಯಾರೂ ನಗಲಿಲ್ಲ. ಮರಸೇಬಿನ ಮರದ ಕೆಳಗೆ ಹೋಗಿ, ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಿಂತಳು.

ಗುಡ್ಡದ ಮೇಲೆ ಗಾಡಿಗಳ ಸದ್ದು ಕೇಳಿತು. ಬೇರೆ ಬೇರೆ ಗಾಡಿಗಳ ನಡುವೆ ಜಾವಾದ ಸದ್ದನ್ನು ಅವಳ ಕಿವಿ ಹೆಕ್ಕಿಕೊಂಡಿತು. ಒಬ್ಬೊಬ್ಬರೇ ಬಂದರು, ತಿರುವಿನಲ್ಲಿ ನಿಧಾನ ಮಾಡಿ, ಜನರಿಗೆ ಕೈ ಬೀಸಿ, ಹೊರಮಗ್ಗುಲಿನಿಂದ ಹೋದರು. ಆಮೇಲೆ ಕೆಂಪು ಗಾಡಿ ಇಳಿಜಾರಿನಲ್ಲಿ ಕಾಣಿಸಿತು. ವೊಯ್ತಾ ಜನರ ಕಡೆ ನೋಡಲಿಲ್ಲ, ತನ್ನ ಮನೆಯ ಕಡೆಯೂ ನೋಡಲಿಲ್ಲ. ಅವನ ಕಣ್ಣು ಇವಳ ಕೈ ಮೇಲಿತ್ತು. ಕೈ ಕೆಳಗಿತ್ತು.

ಅವನು ರೇಸ್ ಇಳಿಸಲಿಲ್ಲ. ಗೋಡೆಯ ಸುಣ್ಣ ಬಿಳಿ ಅಂಗಿಯ ಮೊಣಕೈಗೆ ಹತ್ತಿಕೊಳ್ಳುವಷ್ಟು ಒಳಗಿನಿಂದ ಗಾಡಿ ವಾಲಿಸಿ, ತಿರುವಿನ ನಡುವಿನಲ್ಲೇ ರೇಸ್ ಏರಿಸಿ, ಗಿರಣಿಯ ಕಡೆಗೆ ಹಾರಿದ. ಬೇಲಿಯ ಹಿಂದಿನ ಮುದುಕರು ಟೋಪಿ ತೆಗೆದರು. ಅವನಿಗೋ ಅವಳಿಗೋ ಎಂದು ಅವರನ್ನೇ ಕೇಳಬೇಕು. ಯಾರ್ಮಿಲಾ ಗೇಟಿನಲ್ಲಿ ನಿಂತು, “ಆ ಅಂಗಿ ಇನ್ನು ಬೆಳ್ಳಗಾಗಲ್ಲ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಹೆಡ್ವಿಕಾ ಕೊನೆಯ ಗಾಡಿ ದಾಟುವವರೆಗೂ ಕದಲಲಿಲ್ಲ. ಕದಲುವುದು ಬಾವುಟದವರ ಕ್ರಮವಲ್ಲ.

ಸಂಜೆ ಜನ ಚೌಕದ ಬ್ಯಾಂಡಿನ ಕಡೆಗೆ ಹೋದರು. ಅವಳನ್ನೂ ಕರೆದರು, ಆಮೇಲೆ ಬರುತ್ತೇನೆ ಎಂದಳು. ಮರಕ್ಕೆ ಕಟ್ಟಿದ್ದ ಹುಲ್ಲಿನ ಕಂತೆಗಳು ಬಿಚ್ಚಿಕೊಂಡು ರಸ್ತೆಯ ತುಂಬ ಹರಡಿದ್ದವು. ಟೋಪಿ ತಲೆಯ ಮೇಲೆ ಇದ್ದ ಹಾಗೆಯೇ ಪೊರಕೆ ತೆಗೆದುಕೊಂಡಳು. ತನ್ನ ಕಡೆಯ ಅಂಚಿನಿಂದ ಶುರುಮಾಡಿ ನಡುವಿನವರೆಗೆ ಗುಡಿಸಿದಳು. ನಡುವಿನಲ್ಲಿ ತಲೆ ಎತ್ತಿದಾಗ ಆ ಕಡೆಯಿಂದ ಯಾರ್ಮಿಲಾ ತನ್ನ ಪೊರಕೆಯ ಜೊತೆ ಬರುತ್ತಿದ್ದಳು.

“ಹುಲ್ಲು ಯಾರಿಗೆ?” ಎಂದಳು ಯಾರ್ಮಿಲಾ.

“ನನ್ನ ಕೋಳಿಗಳಿಗೆ. ಗೂಡಿಗೆ ಹೊಸದು ಹಾಕ್ಬೇಕು.”

ಇಬ್ಬರೂ ಹುಲ್ಲನ್ನು ಒಂದೇ ಗುಡ್ಡೆಗೆ ತಳ್ಳಿದರು. ಹೆಡ್ವಿಕಾ ಅದನ್ನು ಏಪ್ರನ್ನಿನ ಮಡಿಲಲ್ಲಿ ತುಂಬಿಕೊಂಡು ಹಿತ್ತಲಿಗೆ ಹೋಗಿ, ಕೋಳಿಗೂಡಿನ ಹಳೆಯ ಹಾಸನ್ನು ಎಳೆದು ಹಾಕಿ, ಹೊಸ ಹುಲ್ಲನ್ನು ಒಂದೊಂದು ಗೂಡಿಗೂ ಹಿಡಿಹಿಡಿಯಾಗಿ ಹರಡತೊಡಗಿದಳು.